ರಿಫೈನರಿಯನ್ನು ಓದುವುದು ಹೇಗೆ: ಒಂದು ಹಾಳೆ, ಒಂದು ಪೆನ್ಸಿಲ್ ಸಾಕು

ದೊಡ್ಡ ರಿಫೈನರಿಯನ್ನು, ಅಂದರೆ ಕಚ್ಚಾ ತೈಲವನ್ನು ಶುದ್ಧ ಮಾಡುವ ಕಾರ್ಖಾನೆಯನ್ನು, ಮೊದಲ ಸಲ ನೋಡಿದಾಗ ಯಾರಿಗೇ ಆದರೂ ತಲೆಬುಡ ತಿಳಿಯುವುದಿಲ್ಲ. ಪೈಪಿನ ಮೇಲೆ ಪೈಪು, ನಡುವೆ ಗೋಪುರದ ಹಾಗೆ ಎದ್ದು ನಿಂತ ಕಾಲಮ್‌ಗಳು, ಎಲ್ಲೋ ಹೊಗೆ, ಎಲ್ಲೋ ಬೆಂಕಿ. ಕಲಿಯಲು ಹೊರಟವರು ಸಾಮಾನ್ಯವಾಗಿ ಸಿಡಿಯು, ವಿಡಿಯು, ಎಫ್‌ಸಿಸಿ, ಎಸ್‌ಆರ್‌ಯು ಅಂತ ಯೂನಿಟ್‌ಗಳ ಹೆಸರನ್ನು ಬಾಯಿಪಾಠ ಮಾಡುತ್ತಾರೆ. ವಾರದಲ್ಲಿ ಮರೆಯುತ್ತಾರೆ.

ನಾನು ಹೇಳುವ ದಾರಿ ಬೇರೆ. ಒಂದು ದೊಡ್ಡ ಹಾಳೆ ತಗೊಳ್ಳಿ. ಎಡಗಡೆಯಿಂದ ಕಚ್ಚಾ ತೈಲ ಒಳಗೆ ಬರಲಿ, ಬಲಗಡೆಯಿಂದ ಗ್ಯಾಸ್, ಪೆಟ್ರೋಲ್, ಡೀಸೆಲ್ ಹೊರಗೆ ಹೋಗಲಿ. ನಡುವೆ ಒಂದೊಂದೇ ಚೌಕ ಬರೆಯುತ್ತಾ ಹೋಗಿ. ಪ್ರತಿ ಚೌಕದ ಕೆಳಗೆ ಆ ವಿಧಾನ ಹುಟ್ಟಿದ ಇಸವಿ ಬರೆಯಿರಿ. ಈ ಇಸವಿಯನ್ನು ಮಾತ್ರ ಬಿಡಬೇಡಿ. ಯಾಕಂದ್ರೆ ರಿಫೈನರಿಯನ್ನು ಯಾರೂ ಒಂದೇ ದಿನ ಕೂತು ಯೋಚಿಸಿ ಮಾಡಿದ್ದಲ್ಲ, ಜನರಿಗೆ ಎಣ್ಣೆಯಿಂದ ಬೇಕಾದ್ದು ಬದಲಾದ ಹಾಗೆಲ್ಲ ಒಂದೊಂದು ಯೂನಿಟ್ ಬಂದು ಸೇರಿಕೊಂಡಿತು, ಹಾಗಾಗಿ ಯಾವುದು ಯಾಕೆ ಬಂತು ಅಂತ ಗೊತ್ತಾದರೆ ಅದು ಏನು ಮಾಡುತ್ತದೆ ಅನ್ನುವುದು ತಾನಾಗಿಯೇ ನೆನಪಲ್ಲಿ ನಿಲ್ಲುತ್ತದೆ.

ಮೊದಲು ಮೇಲಿನಿಂದ ನೋಡಿ

ಬರೆಯುವ ಮುಂಚೆ ಸ್ಯಾಟಲೈಟ್ ನಕ್ಷೆಯಲ್ಲಿ ಒಂದು ರಿಫೈನರಿಯನ್ನು ಹುಡುಕಿ. ಗುಜರಾತಿನ ಜಾಮ್‌ನಗರದ್ದು ಒಳ್ಳೆಯ ಉದಾಹರಣೆ. ಒಂದೇ ಜಾಗದಲ್ಲಿರುವ ರಿಫೈನರಿಗಳಲ್ಲಿ ಜಗತ್ತಿಗೇ ದೊಡ್ಡದು ಅದು. ಮೊದಲ ಭಾಗ 1999ರಲ್ಲಿ, ಎರಡನೆಯದು 2008ರಲ್ಲಿ ಶುರುವಾಯಿತು. ದಿನಕ್ಕೆ 12 ಲಕ್ಷ ಬ್ಯಾರೆಲ್‌ಗಿಂತ ಜಾಸ್ತಿ ಎಣ್ಣೆ ಅಲ್ಲಿ ಶುದ್ಧವಾಗುತ್ತದೆ. ಒಂದು ಬ್ಯಾರೆಲ್ ಅಂದರೆ ಸುಮಾರು 159 ಲೀಟರ್. ಭಾರತದಲ್ಲಿ ವರ್ಷಕ್ಕೆ ಇಷ್ಟು ಟನ್ ಅಂತ ಲೆಕ್ಕ ಹೇಳುತ್ತಾರೆ, ಹೊರಗಡೆ ದಿನಕ್ಕೆ ಇಷ್ಟು ಬ್ಯಾರೆಲ್ ಅಂತಾರೆ. ಗೊಂದಲ ಬೇಡ. ದಿನಕ್ಕೆ 1 ಬ್ಯಾರೆಲ್ ಅಂದರೆ ವರ್ಷಕ್ಕೆ ಹೆಚ್ಚುಕಡಿಮೆ 50 ಟನ್. ಈ ಒಂದು ಲೆಕ್ಕ ತಲೆಯಲ್ಲಿದ್ದರೆ ಎರಡನ್ನೂ ಹೋಲಿಸಬಹುದು.

ಮೇಲಿನಿಂದ ನೋಡಿದಾಗ ಮೊದಲು ಕಣ್ಣಿಗೆ ಬೀಳುವುದು ಸಾಲು ಸಾಲು ದುಂಡನೆಯ ಟ್ಯಾಂಕ್‌ಗಳು. ಜಾಗದ ದೊಡ್ಡ ಪಾಲು ಅವಕ್ಕೇ ಹೋಗುತ್ತದೆ. ಚಿತ್ರವನ್ನು ಹತ್ತಿರಕ್ಕೆ ತಂದು ಒಂದು ಟ್ಯಾಂಕನ್ನು ನಿಧಾನವಾಗಿ ನೋಡಿ. ಕೆಲವು ಟ್ಯಾಂಕ್‌ಗಳ ಒಳಗೆ ಅರ್ಧಚಂದ್ರದಂಥ ನೆರಳು ಕಾಣುತ್ತದೆ. ಅವಕ್ಕೆ ತೇಲುವ ಮುಚ್ಚಳ ಇರುತ್ತದೆ. ಉಕ್ಕಿನ ಮುಚ್ಚಳ ಎಣ್ಣೆಯ ಮೇಲೇ ತೇಲುತ್ತಿರುತ್ತದೆ, ಎಣ್ಣೆ ಏರಿದರೆ ಏರುತ್ತದೆ, ಇಳಿದರೆ ಇಳಿಯುತ್ತದೆ. ಮುಚ್ಚಳಕ್ಕೂ ಎಣ್ಣೆಗೂ ನಡುವೆ ಜಾಗವೇ ಇಲ್ಲದ ಕಾರಣ ಆವಿ ತುಂಬಿಕೊಳ್ಳುವುದಿಲ್ಲ, ಬೆಂಕಿಯ ಭಯವೂ ಕಡಿಮೆ, ಎಣ್ಣೆ ಹಾರಿ ಹೋಗುವುದೂ ಕಡಿಮೆ. ನೆರಳು ದೊಡ್ಡದಿದ್ದರೆ ಮುಚ್ಚಳ ಕೆಳಗಿದೆ, ಟ್ಯಾಂಕ್ ಖಾಲಿಯಾಗುತ್ತಿದೆ ಅಂತ ಅರ್ಥ. ಜಗತ್ತಿನ ಎಣ್ಣೆ ದಾಸ್ತಾನು ಎಷ್ಟಿದೆ ಅಂತ ಇದೇ ನೆರಳನ್ನು ಅಳೆದು ಅಂದಾಜು ಮಾಡುವವರಿದ್ದಾರೆ. ಸೂರ್ಯ ಯಾವ ಕಡೆ ಇದ್ದಾನೆ ಅಂತ ಗೊತ್ತಿದ್ದರೆ ನೀವೂ ಮಾಡಿ ನೋಡಬಹುದು.

ಚೆಂಡಿನ ಹಾಗೆ ದುಂಡಗೆ ಕಾಲುಗಳ ಮೇಲೆ ನಿಂತಿರುವವು ಎಲ್‌ಪಿಜಿ ಟ್ಯಾಂಕ್‌ಗಳು. ಒಳಗಿನ ಒತ್ತಡವನ್ನು ಎಲ್ಲ ಕಡೆ ಸಮವಾಗಿ ತಡೆಯಲು ಆ ಆಕಾರ. ಟ್ಯಾಂಕ್‌ಗಳ ಸುತ್ತ ಇರುವ ಕಟ್ಟೆ ಎಣ್ಣೆ ಸೋರಿದರೆ ಅಲ್ಲೇ ತಡೆದು ನಿಲ್ಲಿಸಲಿಕ್ಕೆ.

ಮೊದಲ ಮೂರು ಚೌಕ

ಈಗ ಹಾಳೆಗೆ ಬನ್ನಿ. ಎಡಗಡೆ ಟ್ಯಾಂಕ್ ಬರೆದು ಬಾಣ ಎಳೆಯಿರಿ. ಬಾಣದ ಮೇಲೆ ಎರಡು ವಿಷಯ ಬರೆಯಿರಿ: ಎಣ್ಣೆ ತೆಳುವೋ ಗಟ್ಟಿಯೋ, ಅದರಲ್ಲಿ ಗಂಧಕ ಎಷ್ಟು. ಗಂಧಕ ಅರ್ಧ ಪರ್ಸೆಂಟ್‌ಗಿಂತ ಕಡಿಮೆ ಇದ್ದರೆ ಸಿಹಿ ಎಣ್ಣೆ, ಜಾಸ್ತಿ ಇದ್ದರೆ ಹುಳಿ ಎಣ್ಣೆ ಅಂತಾರೆ. ಗಟ್ಟಿ ಮತ್ತು ಹುಳಿ ಎಣ್ಣೆ ಅಗ್ಗ, ಆದರೆ ಅದನ್ನು ಹದ ಮಾಡಲು ಮುಂದೆ ಬರುವ ಎಲ್ಲ ಚೌಕಗಳೂ ಬೇಕು. ಒಂದು ರಿಫೈನರಿ ಇಷ್ಟು ದೊಡ್ಡದಾಗಿ ಯಾಕಿದೆ ಅನ್ನುವ ಪ್ರಶ್ನೆಗೆ ಅರ್ಧ ಉತ್ತರ ಇಲ್ಲೇ ಇದೆ.

ಮೊದಲ ಚೌಕ ಡೀಸಾಲ್ಟರ್. ನೆಲದಿಂದ ಬರುವ ಎಣ್ಣೆಯಲ್ಲಿ ಉಪ್ಪು ನೀರಿನ ಸಣ್ಣ ಸಣ್ಣ ಹನಿಗಳಿರುತ್ತವೆ. ಎಣ್ಣೆಯನ್ನು ಸ್ವಲ್ಪ ಬಿಸಿ ಮಾಡಿ, ಒಳ್ಳೆಯ ನೀರು ಸೇರಿಸಿ ಕಲಕುತ್ತಾರೆ. ಉಪ್ಪೆಲ್ಲ ನೀರಿಗೆ ಬರುತ್ತದೆ. ಆಮೇಲೆ ಹೆಚ್ಚಿನ ವೋಲ್ಟೇಜಿನ ವಿದ್ಯುತ್ತಿನ ನಡುವೆ ಹಾಯಿಸಿದರೆ ಸಣ್ಣ ಹನಿಗಳು ಒಂದಕ್ಕೊಂದು ಅಂಟಿ ದೊಡ್ಡದಾಗಿ ತಳಕ್ಕೆ ಇಳಿಯುತ್ತವೆ. ಈ ಚೌಕವನ್ನು ಪುಸ್ತಕಗಳು ಎರಡು ಸಾಲಲ್ಲಿ ಮುಗಿಸುತ್ತವೆ, ನನಗೆ ಅದು ಸರಿ ಅನ್ನಿಸುವುದಿಲ್ಲ. ಉಪ್ಪು ಉಳಿದರೆ ಮುಂದೆ ಬಿಸಿಯಲ್ಲಿ ಅದು ಹೈಡ್ರೋಕ್ಲೋರಿಕ್ ಆಮ್ಲ ಆಗಿ ಕಾಲಮ್‌ನ ತಲೆಯನ್ನೇ ತಿಂದು ಹಾಕುತ್ತದೆ.

ಎರಡನೆಯದು ಫರ್ನೇಸ್. ಎಣ್ಣೆಯನ್ನು ಸುಮಾರು 350ರಿಂದ 370 ಡಿಗ್ರಿ ಸೆಲ್ಸಿಯಸ್‌ವರೆಗೆ ಕಾಯಿಸುತ್ತಾರೆ. ಆದರೆ ಅಷ್ಟೂ ಬಿಸಿ ಇಲ್ಲೇ ಕೊಡುವುದಿಲ್ಲ. ಕಾಲಮ್‌ನಿಂದ ಹೊರಬರುವ ಬಿಸಿ ಡೀಸೆಲ್, ಬಿಸಿ ತಳದೆಣ್ಣೆಯ ಪಕ್ಕ ಹಾಯಿಸಿ, ಅವುಗಳ ಕಾವನ್ನು ಕಚ್ಚಾ ತೈಲಕ್ಕೆ ದಾಟಿಸಿ, ಉಳಿದದ್ದಕ್ಕೆ ಮಾತ್ರ ಬೆಂಕಿ ಹಾಕುತ್ತಾರೆ. ನೀವು ನೋಡಿದ ಪೈಪುಗಳಲ್ಲಿ ತುಂಬಾ ಪೈಪುಗಳು ಈ ಕಾವಿನ ಕೊಡುಕೊಳ್ಳುವಿಕೆಗೇ ಇವೆ. ಇಷ್ಟು ಗೊತ್ತಾದರೆ ಆ ಕಾಡು ಅರ್ಧ ತಿಳಿಯಾಗುತ್ತದೆ.

ಮೂರನೆಯದು ದೊಡ್ಡ ಕಾಲಮ್, ಸಿಡಿಯು ಅನ್ನುವ ಯೂನಿಟ್‌ನ ಮುಖ್ಯ ಭಾಗ. ಕುದಿಯುವ ಪಾತ್ರೆಯ ಮುಚ್ಚಳ ತೆಗೆದರೆ ಅಡಿಯಲ್ಲಿ ನೀರಿನ ಹನಿ ಕಾಣುತ್ತದಲ್ವಾ? ಆವಿ ತಣ್ಣಗಾದ ಕಡೆ ಮತ್ತೆ ನೀರಾಗುತ್ತದೆ. ಕಾಲಮ್ ಅಂದರೆ ಅಂಥ ಹತ್ತಾರು ಮುಚ್ಚಳಗಳನ್ನು ಒಂದರ ಮೇಲೊಂದು ಇಟ್ಟ ಹಾಗೆ. ಅವಕ್ಕೆ ಟ್ರೇ ಅಂತಾರೆ. ಕೆಳಗೆ ಬಿಸಿ, ಮೇಲೆ ತಂಪು. ಆವಿ ಮೇಲೇರುತ್ತಾ ಯಾರು ಎಲ್ಲಿ ತಣಿಯಬೇಕೋ ಅಲ್ಲಲ್ಲೇ ಇಳಿದುಕೊಳ್ಳುತ್ತಾರೆ. ತುದಿಯಲ್ಲಿ ಗ್ಯಾಸ್ ಮತ್ತು ನಾಫ್ತಾ (ಪೆಟ್ರೋಲ್ ಮಾಡಲು ಬಳಸುವ ಹಗುರ ಎಣ್ಣೆ), ಅದರ ಕೆಳಗೆ ಸೀಮೆಎಣ್ಣೆ ಮತ್ತು ವಿಮಾನದ ಇಂಧನ, ಅದರ ಕೆಳಗೆ ಡೀಸೆಲ್, ತಳದಲ್ಲಿ ಕಪ್ಪು ತಳದೆಣ್ಣೆ. ಇಲ್ಲಿ ಏನೂ ಹೊಸದಾಗಿ ಹುಟ್ಟುವುದಿಲ್ಲ. ಇದ್ದದ್ದನ್ನು ಬೇರೆ ಬೇರೆ ಮಾಡುವುದು, ಅಷ್ಟೇ.

ಇದರ ಕೆಳಗೆ 1850ರ ದಶಕ ಅಂತ ಬರೆಯಿರಿ. 1856ರಲ್ಲಿ ಈಗಿನ ಪೋಲೆಂಡಿನಲ್ಲಿ ಇಗ್ನಾಸಿ ವುಕಾಶೇವಿಚ್ ಎಣ್ಣೆ ಬಟ್ಟಿ ಇಳಿಸುವ ಕಾರ್ಖಾನೆ ಶುರು ಮಾಡಿದರು. ಅದೇ ಹೊತ್ತಿಗೆ ರೊಮೇನಿಯಾದ ಪ್ಲೊಯೆಷ್ಟಿಯಲ್ಲೂ ಒಂದು ಎದ್ದಿತು. 1857ರಲ್ಲಿ ಬುಕಾರೆಸ್ಟ್ ಬೀದಿಗಳಲ್ಲಿ ಸೀಮೆಎಣ್ಣೆ ದೀಪ ಉರಿಯಿತು. ಆಗ ಎಲ್ಲರಿಗೂ ಬೇಕಿದ್ದದ್ದು ದೀಪದ ಎಣ್ಣೆ ಮಾತ್ರ. ಪೆಟ್ರೋಲ್ ಆಗ ಹೆಚ್ಚಾಗಿ ಬೇಡದ ವಸ್ತು, ಬೇಗ ಬೆಂಕಿ ಹತ್ತಿಕೊಳ್ಳುವ ಅಪಾಯದ ವಸ್ತು. ಆಗಿನ ಪಾತ್ರೆಗಳಲ್ಲಿ ಒಂದು ಸಲ ತುಂಬಿಸಿ, ಕಾಯಿಸಿ, ಆರಿಸಿ, ತೊಳೆದು ಮತ್ತೆ ತುಂಬಿಸಬೇಕಿತ್ತು. 1880ರ ದಶಕದಲ್ಲಿ ಈಗಿನ ಅಜರ್‌ಬೈಜಾನಿನ ಬಾಕುವಿನಲ್ಲಿ ನೊಬೆಲ್ ಸಹೋದರರು ನಿಲ್ಲಿಸದೆ ಬಟ್ಟಿ ಇಳಿಸುವ ಪದ್ಧತಿ ತಂದರು. ಭಾರತದ ಹಳೆಯ ರಿಫೈನರಿ, ಅಸ್ಸಾಮಿನ ದಿಗ್ಬೋಯ್‌ನದ್ದು, 1901ರಲ್ಲಿ ಶುರುವಾಯಿತು. ಅದು ಈಗಲೂ ಕೆಲಸ ಮಾಡುತ್ತಿದೆ ಅನ್ನುವುದು ನನಗೆ ಯಾವಾಗ ನೆನೆದರೂ ಖುಷಿ ಕೊಡುವ ಸಂಗತಿ.

ದಪ್ಪ ಹೊಟ್ಟೆಯ ಕಾಲಮ್

ತಳದೆಣ್ಣೆಯನ್ನು ಇನ್ನೂ ಕಾಯಿಸಿದರೆ ಏನಾಗುತ್ತದೆ? ಸುಮಾರು 370 ಡಿಗ್ರಿ ದಾಟಿದರೆ ಅದು ಒಡೆಯಲು ಶುರುವಾಗಿ ಪೈಪಿನೊಳಗೆ ಇದ್ದಿಲಿನ ಹಾಗೆ ಗಟ್ಟಿಯಾಗುತ್ತದೆ. ಹಾಗಾಗಿ ಬಿಸಿ ಹೆಚ್ಚಿಸುವ ಬದಲು ಒತ್ತಡ ಇಳಿಸುತ್ತಾರೆ. ಗಾಳಿಯೇ ಹೆಚ್ಚುಕಡಿಮೆ ಇಲ್ಲದ ಕಾಲಮ್‌ನಲ್ಲಿ ಅದೇ ಎಣ್ಣೆ ಕಡಿಮೆ ಬಿಸಿಗೇ ಕುದಿಯುತ್ತದೆ. ಒತ್ತಡ ಕಡಿಮೆಯಾದಾಗ ಆವಿ ತುಂಬಾ ಜಾಗ ಹಿಡಿಯುತ್ತದೆ, ಅದಕ್ಕೇ ಈ ವ್ಯಾಕ್ಯೂಮ್ ಕಾಲಮ್‌ನ (ವಿಡಿಯು) ಹೊಟ್ಟೆ ದಪ್ಪ. ಹೊರಗಿನಿಂದ ನೋಡಿ ಗುರುತಿಸಲು ಇದೇ ಸುಲಭದ ಗುರುತು: ನಡುವೆ ದಪ್ಪ, ಮೇಲೂ ಕೆಳಗೂ ಸಣ್ಣ. ಇದರ ತಳದಲ್ಲಿ ಸಿಗುವುದು ರಸ್ತೆಗೆ ಹಾಕುವ ಡಾಂಬರಿನಂಥದ್ದು.

ಒಡೆಯುವ ಯೂನಿಟ್‌ಗಳು

ಕಾರು ಬಂದ ಮೇಲೆ ಎಲ್ಲ ತಲೆಕೆಳಗಾಯಿತು. ಬೇಡದ ಪೆಟ್ರೋಲ್ ಬೇಕಾಯಿತು, ಬೇಕಿದ್ದ ಸೀಮೆಎಣ್ಣೆ ವಿದ್ಯುತ್ ದೀಪದ ಎದುರು ಹಿಂದೆ ಬಿತ್ತು. ಆದರೆ ನೆಲದಿಂದ ಬರುವ ಎಣ್ಣೆ ಬದಲಾಗಲಿಲ್ಲವಲ್ಲ. ಅದರಲ್ಲಿ ಪೆಟ್ರೋಲ್ ಇದ್ದದ್ದು ಅಷ್ಟೇ. ಆಗ ದೊಡ್ಡ ಅಣುಗಳನ್ನು ಒಡೆದು ಚಿಕ್ಕದು ಮಾಡುವ ಯೋಚನೆ ಬಂತು. ರಷ್ಯಾದ ವ್ಲಾದಿಮಿರ್ ಶುಖೋವ್ 1891ರಲ್ಲೇ ಇದಕ್ಕೆ ಪೇಟೆಂಟ್ ಪಡೆದಿದ್ದರು, ಆದರೆ ಆಗ ಅದರ ಅಗತ್ಯ ಯಾರಿಗೂ ಇರಲಿಲ್ಲ. ಅಮೆರಿಕದಲ್ಲಿ ವಿಲಿಯಂ ಬರ್ಟನ್ 1913ರಲ್ಲಿ ಪೇಟೆಂಟ್ ಪಡೆದು ವೈಟಿಂಗ್ ರಿಫೈನರಿಯಲ್ಲಿ ಬಳಕೆಗೆ ತಂದರು. ಒಂದು ಬ್ಯಾರೆಲ್‌ನಿಂದ ಸಿಗುವ ಪೆಟ್ರೋಲ್ ಹೆಚ್ಚುಕಡಿಮೆ ಎರಡರಷ್ಟಾಯಿತು. ಹಾಳೆಯಲ್ಲಿ 1913 ಅಂತ ದೊಡ್ಡದಾಗಿ ಬರೆಯಿರಿ. ಬೇರೆ ಮಾಡುವ ಕೆಲಸದಿಂದ ಬದಲಾಯಿಸುವ ಕೆಲಸಕ್ಕೆ ರಿಫೈನರಿ ದಾಟಿದ್ದು ಇಲ್ಲಿ.

ಬರ್ಟನ್ ಬರೀ ಬಿಸಿ ಮತ್ತು ಒತ್ತಡದಿಂದ ಒಡೆದರು. ಯೂಜೀನ್ ಹೂಡ್ರಿ ಅದಕ್ಕೆ ಕ್ಯಾಟಲಿಸ್ಟ್ ತಂದರು, ಅಂದರೆ ತಾನು ಖರ್ಚಾಗದೆ ಕ್ರಿಯೆಯನ್ನು ಚುರುಕು ಮಾಡುವ ವಸ್ತು. 1937ರಲ್ಲಿ ಪೆನ್ಸಿಲ್ವೇನಿಯಾದ ಮಾರ್ಕಸ್ ಹುಕ್‌ನಲ್ಲಿ ಅವರ ದೊಡ್ಡ ಯೂನಿಟ್ ಓಡಿತು. ತೊಂದರೆ ಒಂದಿತ್ತು. ಒಡೆಯುವಾಗ ಕ್ಯಾಟಲಿಸ್ಟ್ ಮೇಲೆ ಮಸಿ ಕೂರುತ್ತದೆ, ಕೂತರೆ ಅದು ಕೆಲಸ ಮಾಡುವುದಿಲ್ಲ, ಆಗಾಗ ನಿಲ್ಲಿಸಿ ಮಸಿ ಸುಡಬೇಕು. ಇದಕ್ಕೆ ಉತ್ತರ ಸಿಕ್ಕಿದ್ದು 1942ರಲ್ಲಿ, ಲೂಯಿಸಿಯಾನದ ಬ್ಯಾಟನ್ ರೂಜ್‌ನಲ್ಲಿ. ಕ್ಯಾಟಲಿಸ್ಟನ್ನು ಪೌಡರಿನಷ್ಟು ನುಣ್ಣಗೆ ಮಾಡಿ, ಕೆಳಗಿನಿಂದ ಆವಿ ಊದಿದರು. ಆ ಪುಡಿ ನೀರಿನ ಹಾಗೆ ಹರಿಯತೊಡಗಿತು. ಒಂದು ಪಾತ್ರೆಯಲ್ಲಿ ಎಣ್ಣೆಯನ್ನು ಕೆಲವೇ ಸೆಕೆಂಡಿನಲ್ಲಿ ಒಡೆದು, ಮಸಿ ಮೆತ್ತಿಕೊಂಡು ಪಕ್ಕದ ಪಾತ್ರೆಗೆ ಹರಿದು, ಅಲ್ಲಿ ಸುಮಾರು 700 ಡಿಗ್ರಿಯಲ್ಲಿ ಮಸಿ ಸುಟ್ಟುಕೊಂಡು, ಅದೇ ಕಾವನ್ನು ಹೊತ್ತು ಮತ್ತೆ ಮೊದಲ ಪಾತ್ರೆಗೆ ಬರುತ್ತದೆ. ತೊಂದರೆ ಕೊಡುತ್ತಿದ್ದ ಮಸಿಯೇ ಮುಂದಿನ ಒಡೆತಕ್ಕೆ ಸೌದೆ! ಇಷ್ಟು ಚಂದದ ಯೋಚನೆ ಇಡೀ ರಿಫೈನರಿಯಲ್ಲಿ ಇನ್ನೊಂದಿಲ್ಲ ಅಂತ ನಾನು ನಂಬಿದ್ದೇನೆ. ಇದೇ ಎಫ್‌ಸಿಸಿ. ಈ ಚೌಕವನ್ನು ಬರೆಯುವಾಗ ಎರಡು ಪಾತ್ರೆ ಬರೆದು ನಡುವೆ ಸುತ್ತು ಬಾಣ ಹಾಕಿ.

ಇದರ ಪಕ್ಕ ಇನ್ನೆರಡು. ಹೈಡ್ರೋಕ್ರ್ಯಾಕರ್ ಜಲಜನಕವನ್ನು ಹೆಚ್ಚಿನ ಒತ್ತಡದಲ್ಲಿ ತುಂಬಿಸಿ ಒಡೆಯುತ್ತದೆ, ಒಳ್ಳೆಯ ಡೀಸೆಲ್ ಮತ್ತು ವಿಮಾನದ ಇಂಧನ ಕೊಡುತ್ತದೆ. ಅದರ ಪಾತ್ರೆಯ ಗೋಡೆ ಭಾರೀ ದಪ್ಪ. ಇನ್ನೊಂದು ಕೋಕರ್, ಕಟ್ಟಕಡೆಯ ಡಾಂಬರಿನಂಥ ಎಣ್ಣೆಗೆ. ಇದನ್ನು ದೂರದಿಂದಲೇ ಗುರುತು ಹಿಡಿಯಬಹುದು. ಎತ್ತರದ ಡ್ರಮ್‌ಗಳು ಜೋಡಿಯಾಗಿ ನಿಂತಿರುತ್ತವೆ, ಅವುಗಳ ತಲೆಯ ಮೇಲೆ ಎಣ್ಣೆ ಬಾವಿ ಕೊರೆಯುವ ಅಟ್ಟಣಿಗೆಯಂಥದ್ದು ಇರುತ್ತದೆ. ಬಿಸಿ ಎಣ್ಣೆ ಒಂದು ಡ್ರಮ್‌ಗೆ ಹೋಗಿ ಅಲ್ಲೇ ಒಡೆದು, ಹಗುರ ಭಾಗ ಆವಿಯಾಗಿ ಹೊರಟು, ಉಳಿದದ್ದು ಕಲ್ಲಿದ್ದಲಿನ ಹಾಗೆ ಗಟ್ಟಿಯಾಗುತ್ತದೆ. ಡ್ರಮ್ ತುಂಬಿದ ಮೇಲೆ ಎಣ್ಣೆಯನ್ನು ಜೊತೆಯ ಡ್ರಮ್‌ಗೆ ತಿರುಗಿಸಿ, ಇದನ್ನು ಹಬೆ ಮತ್ತು ನೀರಿನಿಂದ ತಣಿಸಿ, ಮೇಲೂ ಕೆಳಗೂ ತೆರೆಯುತ್ತಾರೆ. ಅಟ್ಟಣಿಗೆಯಿಂದ ಉದ್ದನೆಯ ಕೊಳವೆ ಇಳಿಯುತ್ತದೆ. ಅದರ ತುದಿಯಿಂದ ಹೊರಡುವ ನೀರಿನ ರಭಸ ಎಷ್ಟೆಂದರೆ ಮೊದಲು ನಡುವೆ ಒಂದು ತೂತು ಕೊರೆದು, ಆಮೇಲೆ ಸುತ್ತ ತಿರುಗುತ್ತಾ ಇಡೀ ಗಟ್ಟಿಯನ್ನು ಕತ್ತರಿಸಿ ಕೆಳಗಿನ ಗುಂಡಿಗೆ ಬೀಳಿಸುತ್ತದೆ. ಬರೀ ನೀರು ಮಾಡುವ ಕೆಲಸ ಇದು. ದಿನಕ್ಕೊಂದು ಸಲವಾದರೂ ನಡೆಯುವ ಕೆಲಸ.

ಆಕ್ಟೇನ್, ಜಲಜನಕ, ಗಂಧಕ: ಮೂರನ್ನೂ ಒಂದೇ ದಾರದಲ್ಲಿ ಪೋಣಿಸಿ

ಕಲಿಯುವವರು ಹೆಚ್ಚಾಗಿ ಎಡವುವುದು ಇಲ್ಲಿ, ಆದ್ದರಿಂದ ನಿಧಾನವಾಗಿ ಓದಿ.

ಕಾಲಮ್‌ನಿಂದ ಬರುವ ನಾಫ್ತಾವನ್ನು ಹಾಗೇ ಎಂಜಿನ್‌ಗೆ ಹಾಕಿದರೆ ಟಕಟಕ ಬಡಿಯುತ್ತದೆ, ಅದರ ಆಕ್ಟೇನ್, ಅಂದರೆ ಈ ಬಡಿತವನ್ನು ತಡೆಯುವ ಗುಣ, ಕಡಿಮೆ. 1923ರಿಂದ ಸೀಸದ ಒಂದು ಸಂಯುಕ್ತವನ್ನು ಬೆರೆಸಿ ಇದನ್ನು ಸರಿಮಾಡುತ್ತಿದ್ದರು. ಸೀಸ ವಿಷ, ಮಕ್ಕಳ ಮೆದುಳಿಗೆ ಕೇಡು. ಆದರೂ ಪೂರ್ತಿ ಬಿಡಲು ಜಗತ್ತಿಗೆ ಹೆಚ್ಚುಕಡಿಮೆ ಒಂದು ಶತಮಾನ ಬೇಕಾಯಿತು. ಕಾರುಗಳಿಗೆ ಸೀಸದ ಪೆಟ್ರೋಲ್ ಮಾರುತ್ತಿದ್ದ ಕೊನೆಯ ದೇಶ ಅಲ್ಜೀರಿಯಾ ನಿಲ್ಲಿಸಿದ್ದು 2021ರಲ್ಲಿ. ಇದನ್ನು ಬರೆಯುವಾಗ ನನಗೆ ಈಗಲೂ ಬೇಸರವಾಗುತ್ತದೆ. ಯಾಕಂದ್ರೆ ಬೇರೆ ದಾರಿ 1949ರಲ್ಲೇ ಸಿಕ್ಕಿತ್ತು. ವ್ಲಾದಿಮಿರ್ ಹೆನ್ಸೆಲ್ ಕಂಡುಹಿಡಿದ ವಿಧಾನದಲ್ಲಿ ನಾಫ್ತಾವನ್ನು ಸುಮಾರು 500 ಡಿಗ್ರಿಯಲ್ಲಿ ಪ್ಲಾಟಿನಂ ಕ್ಯಾಟಲಿಸ್ಟ್ ಮೇಲೆ ಹಾಯಿಸಿದರೆ ಅಣುಗಳ ಆಕಾರವೇ ಬದಲಾಗಿ ಆಕ್ಟೇನ್ ಏರುತ್ತದೆ. ಈ ಚೌಕ ರಿಫಾರ್ಮರ್.

ರಿಫಾರ್ಮರ್ ಇನ್ನೊಂದು ವಸ್ತುವನ್ನೂ ಕೊಡುತ್ತದೆ: ಜಲಜನಕ. ಅದು ಕೈಗೆ ಸಿಕ್ಕಿದ ಮೇಲೆ ಗಂಧಕ ತೆಗೆಯುವುದು ಸುಲಭವಾಯಿತು. ಡೀಸೆಲ್ ಜೊತೆ ಜಲಜನಕ ಸೇರಿಸಿ ಕ್ಯಾಟಲಿಸ್ಟ್ ಮೇಲೆ ಬಿಟ್ಟರೆ ಗಂಧಕ ಎಣ್ಣೆಯನ್ನು ಬಿಟ್ಟು ಜಲಜನಕದ ಜೊತೆ ಹೊರಡುತ್ತದೆ. ಈ ಚೌಕ ಹೈಡ್ರೋಟ್ರೀಟರ್. ಹೊರಟ ಅನಿಲದ ಹೆಸರು ಹೈಡ್ರೋಜನ್ ಸಲ್ಫೈಡ್. ಅದನ್ನು ಅಮೀನ್ ಅನ್ನುವ ದ್ರಾವಣದಲ್ಲಿ ಹಿಡಿದು, ಬೇರೆ ಮಾಡಿ, ಕ್ಲಾಸ್ ಅನ್ನುವ ರಸಾಯನತಜ್ಞರ 1883ರ ವಿಧಾನದಲ್ಲಿ ಅರೆಬರೆ ಸುಟ್ಟು ಹಳದಿ ಗಂಧಕ ಮಾಡುತ್ತಾರೆ. ಈ ಚೌಕ ಗಂಧಕದ ಯೂನಿಟ್, ಎಸ್‌ಆರ್‌ಯು.

ಇದು ಎಷ್ಟು ದೊಡ್ಡ ಕೆಲಸ ಅಂತ ಲೆಕ್ಕ ಹಾಕಿ. ಎಣ್ಣೆಯಲ್ಲಿ 2 ಪರ್ಸೆಂಟ್ ಗಂಧಕ ಇದ್ದರೆ ಒಂದು ಟನ್ನಿನಲ್ಲಿ 20 ಕಿಲೋ. ಯೂರೋಪಿನಲ್ಲಿ 2009ರಿಂದ, ಭಾರತದಲ್ಲಿ ವಾಹನದ ಹೊಗೆಗೆ ಮಿತಿ ಹಾಕುವ ಬಿಎಸ್ 6 ನಿಯಮ ಬಂದ 2020ರ ಏಪ್ರಿಲ್‌ನಿಂದ, ಡೀಸೆಲ್‌ನಲ್ಲಿ ಇರಬಹುದಾದ ಗಂಧಕ ಟನ್ನಿಗೆ 10 ಗ್ರಾಂ. 20 ಕಿಲೋ ಎಲ್ಲಿ, 10 ಗ್ರಾಂ ಎಲ್ಲಿ! ರಿಫಾರ್ಮರ್ ಕೊಡುವ ಜಲಜನಕ ಇದಕ್ಕೆ ಸಾಲುವುದಿಲ್ಲ. ಅದಕ್ಕೇ ಗ್ಯಾಸನ್ನು ಹಬೆಯ ಜೊತೆ ಕಾಯಿಸಿ ಜಲಜನಕ ಮಾಡುವ ಬೇರೆ ಯೂನಿಟ್ಟೇ ಇರುತ್ತದೆ.

ಒಂದು ಎಚ್ಚರಿಕೆ, ದಯವಿಟ್ಟು ಮರೆಯಬೇಡಿ. ಹೈಡ್ರೋಜನ್ ಸಲ್ಫೈಡ್ ಕೊಳೆತ ಮೊಟ್ಟೆಯ ವಾಸನೆ ಬರುತ್ತದೆ ಅಂತ ಎಲ್ಲರಿಗೂ ಗೊತ್ತು. ಆದರೆ ಅದು ಜಾಸ್ತಿ ಇದ್ದಾಗ ಮೂಗೇ ಮರಗಟ್ಟುತ್ತದೆ, ವಾಸನೆ ನಿಂತುಹೋಗುತ್ತದೆ. ವಾಸನೆ ಹೋಯಿತು ಅಂದರೆ ಅನಿಲ ಹೋಯಿತು ಅಂತಲ್ಲ. ಗಾಳಿಗೆ ಅಡ್ಡವಾಗಿ, ಆಮೇಲೆ ಗಾಳಿ ಬರುವ ದಿಕ್ಕಿಗೆ ಸರಿಯಬೇಕು. ಬಿದ್ದವರನ್ನು ಎತ್ತಲು ಉಸಿರಾಟದ ಸಾಧನ ಇಲ್ಲದೆ ನುಗ್ಗಬಾರದು. ಹಾಗೆ ನುಗ್ಗಿದವರೂ ಅಲ್ಲೇ ಬೀಳುತ್ತಾರೆ.

ಬೆಂಕಿಯನ್ನು ಓದುವುದು

ಎಲ್ಲರೂ ಕೇಳುವುದು ಆ ತುದಿಯ ಬೆಂಕಿಯ ಬಗ್ಗೆ. ಅದು ಫ್ಲೇರ್. ಸುಮ್ನೆ ಗ್ಯಾಸ್ ಹಾಳು ಮಾಡುತ್ತಿದ್ದಾರೆ ಅಂತ ಕೆಲವರು ಅಂದುಕೊಳ್ಳುತ್ತಾರೆ. ಯಾವುದೇ ಯೂನಿಟ್‌ನಲ್ಲಿ ಒತ್ತಡ ಮಿತಿ ಮೀರಿದರೆ ಗ್ಯಾಸ್ ಹೋಗಲು ಒಂದು ದಾರಿ ಬೇಕು, ಹೋದದ್ದು ಎಲ್ಲೋ ಹರಡಿ ಬೆಂಕಿ ಹತ್ತುವ ಬದಲು ಎತ್ತರದಲ್ಲಿ ಸುಟ್ಟುಹೋಗಬೇಕು. ಸಣ್ಣ ಜ್ವಾಲೆ ಇದ್ದರೆ ಎಲ್ಲ ಸರಿಯಾಗಿದೆ. ಜ್ವಾಲೆ ಒಮ್ಮೆಲೇ ದೊಡ್ಡದಾದರೆ ಒಳಗೆ ಯಾವುದೋ ಯೂನಿಟ್ ನಿಂತಿದೆ ಅಥವಾ ಶುರುವಾಗುತ್ತಿದೆ. ಕಪ್ಪು ಹೊಗೆ ಬಂದರೆ ಜ್ವಾಲೆಗೆ ಊದುವ ಹಬೆ ಸಾಲುತ್ತಿಲ್ಲ. ಅದು ತುಂಬಾ ಹೊತ್ತು ಮುಂದುವರಿದರೆ ಸುತ್ತಲಿನವರು ಕಾರಣ ಕೇಳಬೇಕು, ಕೇಳುವ ಹಕ್ಕು ಅವರಿಗಿದೆ. ಕೂಲಿಂಗ್ ಟವರ್‌ನಿಂದ ಏಳುವ ಬಿಳಿ ಮೋಡ ಮಾತ್ರ ನೀರಿನ ಆವಿ.

ಫ್ಲೇರ್ ಯಾಕೆ ಬೇಕು ಅಂತ ತಿಳಿಯಲು 2005ರ ಮಾರ್ಚ್ 23ರಂದು ಅಮೆರಿಕದ ಟೆಕ್ಸಸ್ ಸಿಟಿ ರಿಫೈನರಿಯಲ್ಲಿ ನಡೆದದ್ದನ್ನು ಓದಿ. ನಿಂತಿದ್ದ ಯೂನಿಟ್ ಒಂದನ್ನು ಮತ್ತೆ ಶುರು ಮಾಡುತ್ತಿದ್ದರು. ತಳದಲ್ಲಿ ಸುಮಾರು 2 ಮೀಟರ್ ಮಾತ್ರ ಇರಬೇಕಿದ್ದ ದ್ರವ ಕಾಲಮ್ ಪೂರ್ತಿ ತುಂಬುತ್ತಾ ಹೋಯಿತು, ಆದರೆ ಕಂಟ್ರೋಲ್ ರೂಮಿನ ಮೀಟರ್ ಮಟ್ಟ ಇಳಿಯುತ್ತಿದೆ ಅಂತ ತೋರಿಸುತ್ತಿತ್ತು. ಉಕ್ಕಿದ ದ್ರವ ಹೋದದ್ದು ಫ್ಲೇರ್‌ಗಲ್ಲ, ಬಯಲಿಗೆ ತೆರೆದಿದ್ದ ಹಳೆಯ ಕಾಲದ ಕೊಳವೆಗೆ. ಅಲ್ಲಿಂದ ಹೊರಗೆ ಚಿಮ್ಮಿ, ಆವಿಗೆ ಬೆಂಕಿ ಹತ್ತಿ ಸ್ಫೋಟವಾಯಿತು. 15 ಜನ ಸತ್ತರು, 180 ಜನ ಗಾಯಗೊಂಡರು. ಸತ್ತವರೆಲ್ಲ ಹತ್ತಿರದಲ್ಲೇ ಇಟ್ಟಿದ್ದ ತಾತ್ಕಾಲಿಕ ಆಫೀಸ್ ಟ್ರೇಲರ್‌ಗಳ ಒಳಗೆ ಅಥವಾ ಅಕ್ಕಪಕ್ಕ ಇದ್ದ ಗುತ್ತಿಗೆ ಕೆಲಸದವರು. ಓಡುತ್ತಿರುವ ರಿಫೈನರಿಗಿಂತ ನಿಲ್ಲಿಸುವ ಮತ್ತು ಶುರುಮಾಡುವ ರಿಫೈನರಿಯೇ ಹೆಚ್ಚು ಅಪಾಯ. ಕೆಲವು ವರ್ಷಗಳಿಗೊಮ್ಮೆ ಬರುವ ದೊಡ್ಡ ಶಟ್‌ಡೌನ್‌ನಲ್ಲಿ ಪ್ರತಿ ಪೈಪಿಗೂ ಉಕ್ಕಿನ ಬಿಲ್ಲೆ ಹಾಕಿ ಮುಚ್ಚಿ, ಗ್ಯಾಸ್ ಇಲ್ಲ ಅಂತ ಅಳೆದು, ಪರ್ಮಿಟ್ ಬರೆದುಕೊಟ್ಟ ಮೇಲೇ ಒಳಗೆ ಬಿಡುವುದು ಇದಕ್ಕೇ.

ಹಾಳೆ ಸರಿಯಿದೆಯಾ, ಪರೀಕ್ಷೆ ಮಾಡಿ

ಬಲ ತುದಿಯಲ್ಲಿ ಬ್ಲೆಂಡಿಂಗ್ ಅಂತ ಕೊನೆಯ ಚೌಕ ಬರೆಯಿರಿ. ಪೆಟ್ರೋಲ್ ಯಾವುದೇ ಒಂದು ಯೂನಿಟ್‌ನಿಂದ ಬರುವುದಿಲ್ಲ. ಎಫ್‌ಸಿಸಿಯದ್ದು ಇಷ್ಟು, ರಿಫಾರ್ಮರ್‌ನದ್ದು ಇಷ್ಟು ಅಂತ ಬೆರೆಸಿ ಹದ ಮಾಡುತ್ತಾರೆ.

ಈಗ ಒಂದು ಪ್ರಶ್ನೆ ಹಾಕಿಕೊಳ್ಳಿ. ಗಂಧಕದ ಯೂನಿಟ್ ಕೆಟ್ಟು ನಿಂತಿತು. ಅದಕ್ಕೂ ಡೀಸೆಲ್‌ಗೂ ಏನು ಸಂಬಂಧ? ಬೆರಳಿಟ್ಟು ಬಾಣಗಳ ಮೇಲೆ ಹಿಂದಕ್ಕೆ ಹೋಗಿ. ಹೈಡ್ರೋಜನ್ ಸಲ್ಫೈಡ್ ಹೋಗಲು ಜಾಗವಿಲ್ಲ, ಹಾಗಾಗಿ ಅಮೀನ್ ಯೂನಿಟ್ ತಗ್ಗಿಸಬೇಕು. ಅದು ತಗ್ಗಿದರೆ ಹೈಡ್ರೋಟ್ರೀಟರ್ ತಗ್ಗಿಸಬೇಕು. ಅದು ತಗ್ಗಿದರೆ ಶುದ್ಧವಾಗದ ಡೀಸೆಲ್ ಟ್ಯಾಂಕಿನಲ್ಲಿ ತುಂಬುತ್ತಾ ಹೋಗುತ್ತದೆ. ಟ್ಯಾಂಕ್ ತುಂಬಿದರೆ ಮೊದಲ ಕಾಲಮ್‌ಗೆ ಹೋಗುವ ಕಚ್ಚಾ ತೈಲವನ್ನೇ ಕಡಿಮೆ ಮಾಡಬೇಕು. ಇಷ್ಟು ದೂರ ಬೆರಳು ಎಲ್ಲೂ ತಡೆಯದೆ ಬಂದರೆ ನಿಮ್ಮ ಹಾಳೆ ಸರಿಯಿದೆ. ಎಲ್ಲಾದರೂ ನಿಂತರೆ, ಅಲ್ಲೊಂದು ಬಾಣ ಬಿಟ್ಟುಹೋಗಿದೆ.